ಎಳ್ಳಮಾವಾಸ್ಯೆ ಇಲ್ಲದ ವರ್ಷ

ಜಹೀರಾಬಾದಿನ ಓದುಗರೊಬ್ಬರು ಫೋನ್ ಮಾಡಿದ್ದರು. "ಸರ್, 2026ರ ಕ್ಯಾಲೆಂಡರಿನ ಹನ್ನೆರಡೂ ಹಾಳಿ ತಿರುವಿ ನೋಡಿದೆ. ಎಳ್ಳಮಾವಾಸ್ಯೆ ಎಲ್ಲೂ ಕಾಣವಲ್ದು. ಛಾಪಿಸಿದವರು ಮರ್ತಾರೇನ್ರಿ?"

ಮರೆತಿಲ್ಲ. ಕಳೆದ ಎಳ್ಳಮಾವಾಸ್ಯೆ 2025ರ ಡಿಸೆಂಬರ್ 19ಕ್ಕೆ ಮುಗಿಯಿತು. ಮುಂದಿನದು ಬರುವುದು 2027ರ ಜನವರಿ 7ಕ್ಕೆ. ನಡುವಿನ ಇಡೀ 2026 ಖಾಲಿ. ಬಾಕಿ ತೀರಿಸುವಂತೆ 2027ರಲ್ಲಿ ಎರಡು ಬರುತ್ತವೆ. ಎರಡನೆಯದು ಡಿಸೆಂಬರ್ 27ಕ್ಕೆ. 2023ರಲ್ಲೂ ಹೀಗೇ ಆಗಿತ್ತು. ಆ ಸಲದ ಹಬ್ಬ 2024ರ ಜನವರಿ 11ಕ್ಕೆ ಜಾರಿ, ಅದೇ ಡಿಸೆಂಬರ್ 30ಕ್ಕೆ ಇನ್ನೊಂದು ಬಂತು.

ಈ ಪ್ರಶ್ನೆ ಬೆಂಗಳೂರಿನಿಂದ ಬರುವುದು ಕಷ್ಟ. ಅಲ್ಲಿ ಎಳ್ಳಮಾವಾಸ್ಯೆ ಪಂಚಾಂಗದ ಒಂದು ಸಾಲು, ಅಷ್ಟೆ. ಬೀದರ್, ಕಲಬುರಗಿ ಸೀಮೆಯಲ್ಲಿ ಹಾಗಲ್ಲ. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ, ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಸೇರಿದವು. ಈಗ ಅವು ತೆಲಂಗಾಣದಲ್ಲಿವೆ. ಅಲ್ಲಿನ ಕನ್ನಡದ ಮನೆಗಳೂ ರಾಜ್ಯದ ಗೆರೆಯ ಆಚೆ ಉಳಿದವು. ಗೆರೆ ಎಲ್ಲಿ ಬಿದ್ದರೇನು, ಹಬ್ಬ ಹೊಲದಲ್ಲೇ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ ಬುಟ್ಟಿಗೆ ತುಂಬಿಕೊಂಡು ಹೋಗುತ್ತಾರೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಬಿಳಿಜೋಳ ತೆನೆ ಹಿರಿಯುವ ಹೊತ್ತಿಗೇ ಇದು ಬರಬೇಕು. ಜೂನಿನ ಬರಿ ನೆಲದ ಮೇಲೆ ಚರಗ ಚೆಲ್ಲಿ ಏನು ಪ್ರಯೋಜನ?

ಚಂದ್ರನಿಗೆ ಜೋಳದ ಚಿಂತೆ ಇಲ್ಲ, ತೊಡಕು ಇರುವುದೇ ಅಲ್ಲಿ.

ಕಣವೊಂದನ್ನು ನೆನೆಸಿಕೊಳ್ಳಿ, ನಡುವೆ ಮೇಟಿ ನೆಟ್ಟ ದುಂಡನೆಯ ಕಣ. ಅದರ ಅಂಚಿನಲ್ಲಿ ಅಜ್ಜನೊಬ್ಬ ನಿಧಾನವಾಗಿ ಸುತ್ತು ಹಾಕುತ್ತಿದ್ದಾನೆ. ಮೊಮ್ಮಗ ಅದೇ ದಿಕ್ಕಿನಲ್ಲಿ ಓಡುತ್ತಿದ್ದಾನೆ. ಅಜ್ಜ ಸೂರ್ಯ, ಮೊಮ್ಮಗ ಚಂದ್ರ, ಮೇಟಿಯ ಬುಡದಲ್ಲಿ ನಿಂತು ನೋಡುವವರು ನಾವು. ಹುಡುಗ ಅಜ್ಜನನ್ನು ಮುಟ್ಟಿದ ಗಳಿಗೆಯೇ ಅಮಾವಾಸ್ಯೆ. ಆಗ ಇಬ್ಬರೂ ನಮಗೆ ಒಂದೇ ದಿಕ್ಕಿನಲ್ಲಿರುವುದರಿಂದ ಚಂದ್ರನ ಬೆಳಗಿದ ಮೈ ಅತ್ತ ಸೂರ್ಯನ ಕಡೆಗೆ, ಕತ್ತಲೆಯ ಬೆನ್ನು ನಮ್ಮ ಕಡೆಗೆ. ಅಜ್ಜನಿಗೆ ನೇರ ಎದುರು ಬಂದಾಗ ಹುಣ್ಣಿಮೆ. ಕಾಲು ಸುತ್ತು ದೂರವಿದ್ದಾಗ ಅಷ್ಟಮಿಯ ಅರ್ಧ ಚಂದ್ರ. ಕೃಷ್ಣಪಕ್ಷದಲ್ಲಿ ಚಂದ್ರ ಕರಗುವುದು ಭೂಮಿಯ ನೆರಳಿನಿಂದ ಎಂದು ಓದಿಕೊಂಡವರೂ ಹೇಳುವುದುಂಟು. ನೆರಳು ಬೀಳುವುದು ಗ್ರಹಣದ ದಿನ ಮಾತ್ರ.

ಹುಡುಗ ಕಣವನ್ನು ಒಂದು ಸುತ್ತು ಹಾಕಲು 27 ದಿನ 8 ಗಂಟೆ ಸಾಕು. ಆದರೆ ಹೊರಟ ಜಾಗಕ್ಕೆ ಬಂದು ನೋಡಿದರೆ ಅಜ್ಜ ಅಲ್ಲಿಲ್ಲ, ಅಷ್ಟರಲ್ಲಿ ಮುಂದೆ ನಡೆದಿದ್ದಾನೆ. ಅವನನ್ನು ಹಿಡಿಯಲು ಇನ್ನೂ ಎರಡು ದಿನದ ಮೇಲೆ ಓಡಬೇಕು. ಹಾಗಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಅಜ್ಜನ ಪೂರ್ತಿ ಸುತ್ತಿಗೆ 365 ದಿನ ಚಿಲ್ಲರೆ. ಹುಡುಗ ಹನ್ನೆರಡನೇ ಸಲ ಮುಟ್ಟುವುದು 354ನೇ ದಿನಕ್ಕೆ. ಆಗ ಅಜ್ಜನ ಸುತ್ತು ಮುಗಿಯಲು ಇನ್ನೂ 11 ದಿನದ ನಡಿಗೆ ಬಾಕಿ. ಎಳ್ಳಮಾವಾಸ್ಯೆ ಡಿಸೆಂಬರ್ 30ರಿಂದ ಮರುವರ್ಷ 19ಕ್ಕೆ ಹಿಂದೆ ಸರಿದದ್ದು ಈ ಹನ್ನೊಂದು ದಿನಗಳಿಂದಲೇ.

ಹೀಗೇ ಬಿಟ್ಟರೆ ಹಬ್ಬ ವರ್ಷ ವರ್ಷ ಹಿಂದೆ ಹೋಗುತ್ತದೆ. ಬಿಟ್ಟವರೂ ಇದ್ದಾರೆ, ಅದೇ ಊರುಗಳಲ್ಲೇ. ಹಿಜರಿ ವರ್ಷಕ್ಕೆ ಹನ್ನೆರಡೇ ತಿಂಗಳು. ಹಿಂದೂಗಳೂ ಸೇರಿ ಪೀರಗಳನ್ನು ಹೊರುವ ಮೊಹರಂ 2010ರಲ್ಲಿ ಡಿಸೆಂಬರಿನಲ್ಲಿತ್ತು, ಹೊಲದಲ್ಲಿ ಜೋಳ ನಿಂತಿತ್ತು. 2025ರಲ್ಲಿ ಹತ್ತನೇ ಮೊಹರಂ ಜುಲೈ 6ಕ್ಕೆ ಬಂತು, ತಾಂಡೂರಿನಲ್ಲಿ ತೊಗರಿ ಬಿತ್ತುವ ಕಾಲ. ಸುಮಾರು 33 ವರ್ಷಕ್ಕೆ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಒಕ್ಕಲುತನಕ್ಕೆ ಕಟ್ಟಿಹಾಕದ ಹಬ್ಬಕ್ಕೆ ಅದರಿಂದ ತೊಂದರೆಯೇನಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ಪಂಚಾಂಗದ ತಿಂಗಳು ಲೆಕ್ಕದಿಂದ ಶುರುವಾದರೆ, ಹಿಜರಿ ತಿಂಗಳು ಪಡುವಣದಲ್ಲಿ ಎಳೆ ಚಂದ್ರ ಕಣ್ಣಿಗೆ ಬಿದ್ದ ಮೇಲೆ. ಅಮಾವಾಸ್ಯೆಯ ಗಳಿಗೆಯನ್ನು ನಿಮಿಷದ ಮಟ್ಟಿಗೆ ಹೇಳಬಹುದು. ಇಂಥ ಸಂಜೆ ಇಂಥ ಊರಿನ ಮೋಡ, ದೂಳಿನ ನಡುವೆ ಚಾಂದ್ ಕಾಣುತ್ತದೆಯೇ ಎಂಬುದನ್ನು ಹೇಳಲಾಗದು. ಹಬ್ಬ ನಾಳೆಯೋ ನಾಡಿದ್ದೋ ಎಂಬ ಗೊಂದಲಕ್ಕೆ ವಿಜ್ಞಾನದ ಸೋಲು ಕಾರಣವಲ್ಲ.

ಎಳ್ಳಮಾವಾಸ್ಯೆಯವರು ಮಾಡಿದ್ದು ಅಧಿಕ ಮಾಸದ ಉಪಾಯ. ಕಣದ ಅಂಚನ್ನು ಹನ್ನೆರಡು ಪಾಲು ಮಾಡಿ, ಅವೇ ರಾಶಿಗಳು. ಸಾಮಾನ್ಯವಾಗಿ ಹುಡುಗ ಅಜ್ಜನನ್ನು ಪ್ರತಿ ಸಲವೂ ಹೊಸ ಪಾಲಿನಲ್ಲಿ ಮುಟ್ಟುತ್ತಾನೆ. ಎರಡೂವರೆ, ಮೂರು ವರ್ಷಕ್ಕೊಮ್ಮೆ ಒಂದೇ ಪಾಲಿನಲ್ಲಿ ಎರಡು ಸಲ ಮುಟ್ಟುವುದಾಗುತ್ತದೆ. ಆ ಎರಡು ಮುಟ್ಟುಗಳ ನಡುವಿನ ತಿಂಗಳಲ್ಲಿ ಸಂಕ್ರಮಣವಿಲ್ಲ, ಅಂದರೆ ಅಜ್ಜ ಹೊಸ ಪಾಲಿಗೆ ದಾಟುವುದಿಲ್ಲ, ಅದೇ ಅಧಿಕ. 2026ರಲ್ಲಿ ಇದು ಕೂದಲೆಳೆಯಲ್ಲಿ ನಡೆದ ಆಟ. ದೃಗ್ಗಣಿತದ, ಅಂದರೆ ಈಗಿನ ಖಗೋಳ ಲೆಕ್ಕದ ಪ್ರಕಾರ ಜೂನ್ 15ರ ಬೆಳಿಗ್ಗೆ ಎಂಟೂವರೆಯೊಳಗೆ ಅಮಾವಾಸ್ಯೆ ಮುಗಿಯುತ್ತದೆ, ಸೂರ್ಯ ಮಿಥುನಕ್ಕೆ ಕಾಲಿಡುವುದು ಅದೇ ದಿನ ಮಧ್ಯಾಹ್ನ. ಕೆಲವೇ ಗಂಟೆಗಳ ಅಂತರದಲ್ಲಿ ಮೇ 17ರಿಂದ ಜೂನ್ 15ರ ತಿಂಗಳು ಅಧಿಕ ಜ್ಯೇಷ್ಠವಾಯಿತು, ಎಳ್ಳಮಾವಾಸ್ಯೆ ಜನವರಿಗೆ ದಾಟಿತು. ಅಂದಹಾಗೆ ಮೇ 31ರ ಹುಣ್ಣಿಮೆ ಟಿವಿಯವರ 'ಬ್ಲೂ ಮೂನ್'. ಇಂಗ್ಲಿಷ್ ತಿಂಗಳೊಂದರಲ್ಲಿ ಎರಡನೇ ಹುಣ್ಣಿಮೆ ಬಂತೆಂಬುದೇ ಅದರ ಹಿರಿಮೆ. ಚಂದ್ರನಿಗೆ ನೀಲಿ ಬಳಿದವರಾರೂ ಇಲ್ಲ. 'ಸೂಪರ್‌ಮೂನ್' ಎಂಬ ಹೆಸರಂತೂ 1979ರಲ್ಲಿ ರಿಚರ್ಡ್ ನೋಲ್ ಎಂಬ ಅಮೆರಿಕದ ಜ್ಯೋತಿಷಿ ಇಟ್ಟದ್ದು. ಇಂಥದ್ದಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡುವವರು ಅಧಿಕ ಮಾಸದ ಗಣಿತಕ್ಕೆ ಎರಡು ನಿಮಿಷವಾದರೂ ಕೊಡಬಹುದಿತ್ತು.

ಆ ಗಣಿತ ಒಂದೇ ದಿನಕ್ಕೆ ಕೂಡಿಬಂದದ್ದಲ್ಲ. ವೇದಾಂಗ ಜ್ಯೋತಿಷ ಐದು ವರ್ಷದ ಯುಗಕ್ಕೆ 62 ಚಾಂದ್ರಮಾಸ ಎಂದಿತು, ಅಂದರೆ ಐದು ವರ್ಷಕ್ಕೆ ಎರಡು ಅಧಿಕ. ಗುಣಿಸಿ ನೋಡಿದರೆ ಐದು ವರ್ಷಕ್ಕೆ ನಾಲ್ಕೂವರೆ ದಿನದಷ್ಟು ಹೆಚ್ಚಾಗುತ್ತದೆ. ಬ್ಯಾಬಿಲೋನಿನವರು ಇದಕ್ಕಿಂತ ಚೆಂದದ ಲೆಕ್ಕ ಹಿಡಿದರು: 19 ವರ್ಷಕ್ಕೆ 235 ಅಮಾವಾಸ್ಯೆ, ಅಂದರೆ ಏಳು ಅಧಿಕ ಮಾಸ. ಕ್ರಿ.ಪೂ. 432ರಲ್ಲಿ ಅಥೆನ್ಸಿನ ಮೆಟಾನ್ ಇದನ್ನೇ ಸಾರಿದ. ಹೆಸರು ಅವನಿಗೆ ಉಳಿಯಿತು. 19 ವರ್ಷದ ದಿನಗಳಿಗೂ 235 ಅಮಾವಾಸ್ಯೆಗಳ ದಿನಗಳಿಗೂ ವ್ಯತ್ಯಾಸ ಎರಡು ತಾಸು ಮಾತ್ರ. ನಂಬಿಕೆ ಬರದಿದ್ದರೆ ಅಟ್ಟದ ಮೇಲಿನ 2007ರ ಕ್ಯಾಲೆಂಡರ್ ಇಳಿಸಿ. ಅಲ್ಲೂ ಅಧಿಕ ಜ್ಯೇಷ್ಠ, ಅಲ್ಲೂ ಮೇ 17ರಿಂದ ಜೂನ್ 15. ಆ ವರ್ಷವೂ ಎಳ್ಳಮಾವಾಸ್ಯೆ ಇರಲಿಲ್ಲ. 2008ರ ಜನವರಿ 8ಕ್ಕೆ ಬಂತು.

ಇಷ್ಟಾದರೂ ಹಬ್ಬ ಋತುವಿಗೆ ಗಟ್ಟಿಯಾಗಿ ಕಟ್ಟಿಕೊಂಡಿಲ್ಲ. ನಮ್ಮ ರಾಶಿಗಳನ್ನು ಅಳೆಯುವುದು ನಕ್ಷತ್ರಗಳಿಂದ. ಮಳೆ, ಚಳಿಗಾಲ ನಡೆಯುವುದು ಭೂಮಿಯ ಅಕ್ಷದ ಓರೆಯಿಂದ. ಅಕ್ಷ ಬುಗುರಿಯಂತೆ ಸುಮಾರು 26,000 ವರ್ಷಕ್ಕೊಮ್ಮೆ ಓಲಾಡುವುದರಿಂದ ಇವೆರಡು 70 ವರ್ಷಕ್ಕೊಂದು ದಿನದಷ್ಟು ಬೇರೆಯಾಗುತ್ತಿವೆ. ಡಿಸೆಂಬರ್ 22ರ ಉತ್ತರಾಯಣವನ್ನು ನಾವು ಜನವರಿ 14ಕ್ಕೆ ಆಚರಿಸುವುದು ಇದರಿಂದಲೇ. 1952ರಲ್ಲಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಕೂತ ಪಂಚಾಂಗ ಸುಧಾರಣಾ ಸಮಿತಿ, ಹಬ್ಬಗಳು ಇನ್ನು ಮುಂದೆ ಜಾರದಂತೆ ಸಂಕ್ರಮಣಗಳನ್ನು ಋತುಗಳಿಗೆ ಬಿಗಿಯಲು ಸಲಹೆ ಕೊಟ್ಟಿತು. ಸರ್ಕಾರ ಸಮಿತಿಯ ರಾಷ್ಟ್ರೀಯ ಪಂಚಾಂಗವನ್ನು 1957ರ ಮಾರ್ಚ್ 22ರಿಂದ ಜಾರಿಗೆ ತಂದಿತು. ಅದರ ತಾರೀಖು ಈಗಲೂ ಗೆಜೆಟ್ ಮೇಲೆ ಅಚ್ಚಾಗುತ್ತದೆ. ಬಿಗಿಯುವ ಸಲಹೆಯನ್ನು ಮಾತ್ರ ಪಂಚಾಂಗದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಎಳ್ಳಮಾವಾಸ್ಯೆ ಇನ್ನೆರಡು ಸಾವಿರ ವರ್ಷಕ್ಕೆ ಸುಮಾರು ಒಂದು ತಿಂಗಳು ಮುಂದೆ ಹೋಗುತ್ತದೆ. ಅಷ್ಟರಲ್ಲಿ ಜೋಳದ ತಳಿಗಳೇ ಬದಲಾಗಿರುತ್ತವೆ ಎಂದು ಆ ಓದುಗರು ನಕ್ಕರು.