ಒಂದೇ ಹಳಿ, ಒಂದೇ ಚೆಂಡು: ರೈಲ್ವೆ ಟೋಕನ್ ಎಂಬ ಕೈ ಬದಲಾಯಿಸುವ ಅನುಮತಿ

ಇದು ಈ ವಾರದ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಮನೇಲಿ ಬಿಟ್ಟು ಬಂದವರು, ಬಸ್ಸಿನ ಗದ್ದಲದಾಗ ಕೇಳಿಸದವರು ಇಲ್ಲೇ ಓದ್ಕೋಬಹುದು.

ಮೊದಲು ರೈಲು ಬಿಡ್ರಿ, ರಸ್ತೆಗೆ ಬರೋಣ. ಗದಗಿನಿಂದ ಮುಂಡರಗಿಗೋ ಶಿರಹಟ್ಟಿಗೋ ಹೋಗುವಾಗ ರಸ್ತೆ ರಿಪೇರಿ ನಡೆದಿದೆ ಅಂದ್ಕೊಳ್ರಿ. ಅರ್ಧ ರಸ್ತೆ ಬಂದ್. ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ ನಿಂತಿರ್ತಾನೆ. ನಡುವೆ ತಿರುವು ಇದ್ದರೆ ಒಬ್ಬರಿಗೊಬ್ಬರು ಕಾಣೋದಿಲ್ಲ. ಆಗ ಈ ಕಡೆಯವನು ತಾನು ಬಿಟ್ಟ ಕೊನೆಯ ಗಾಡಿಯ ಡ್ರೈವರ್ ಕೈಗೆ ಒಂದು ಕೆಂಪು ಬಟ್ಟೆ ಕೊಟ್ಟು ಕಳಿಸ್ತಾನೆ. ಆ ಬಟ್ಟೆ ಆ ಕಡೆಯವನ ಕೈ ಸೇರಿತು ಅಂದ್ರೆ ನಡುವಿನ ದಾರಿ ಖಾಲಿ ಆಯ್ತು ಅಂತ ಅರ್ಥ. ಆಮೇಲೆ ಆ ಕಡೆಯ ಗಾಡಿಗಳು ಬರ್ತಾವೆ, ಬಟ್ಟೆ ವಾಪಸ್ ಬರ್ತದೆ.

ರೈಲ್ವೆ ಟೋಕನ್ ಅಂದ್ರೆ ಮೂಲದಲ್ಲಿ ಇಷ್ಟೇ. ಆದ್ರೆ ರಸ್ತೆಯಲ್ಲಿ ಲೆಕ್ಕ ತಪ್ಪಿದರೆ ಬೈಕ್ ಪಕ್ಕಕ್ಕೆ ಇಳಿಸಬಹುದು, ಟ್ರ್ಯಾಕ್ಟರ್ ಹಿಂದಕ್ಕೆ ತಗೋಬಹುದು. ಹಳಿ ಮೇಲಿನ ಗಾಡಿಗೆ ಪಕ್ಕ ಅನ್ನೋದೇ ಇಲ್ಲ. ವೇಗದಲ್ಲಿದ್ದ ರೈಲು ಬ್ರೇಕ್ ಹಾಕಿದ ಮೇಲೂ ಎಷ್ಟೋ ನೂರು ಮೀಟರ್ ಮುಂದೆ ಹೋಗಿ ನಿಲ್ತದೆ. ಎದುರಿನ ಗಾಡಿ ಡ್ರೈವರ್ ಕಣ್ಣಿಗೆ ಬೀಳೋ ಹೊತ್ತಿಗೆ ಬಹಳ ಸಲ ಸಮಯ ಮೀರಿರ್ತದೆ.

ನಮ್ಮ ಗದಗಿಗೆ ಹಳಿ ಬಂದ ಬಗೆ

1876ರಿಂದ 78ರ ಭೀಕರ ಬರ ನಮ್ಮ ಸೀಮೆಯನ್ನು ಹಿಂಡಿ ಹಾಕಿತು. ಇದ್ದ ಕಡೆಯಿಂದ ಇಲ್ಲದ ಕಡೆಗೆ ಕಾಳು ಸಾಗಿಸಲು ದಾರಿ ಬೇಕು ಅನ್ನೋದು ಆಗ ಸರ್ಕಾರಕ್ಕೆ ಅರ್ಥ ಆಯ್ತು. ಹತ್ತಿ ಸಾಗಿಸೋ ಆಸೆಯೂ ಇತ್ತು ಅನ್ರಿ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಗಿ, ಅದೇ ದಶಕದಲ್ಲಿ ಗದಗ ಜಂಕ್ಷನ್ ಆಯ್ತು. ಒಂದು ದಾರಿ ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ ಮೇಲೆ ಬಳ್ಳಾರಿ, ಗುಂತಕಲ್ಲಿಗೆ. ಇನ್ನೊಂದು ಗದಗಿನಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಗೆ.

ಎರಡೂ ಮೀಟರ್ ಗೇಜ್, ಎರಡೂ ಒಂಟಿ ಹಳಿ. ಜೋಡಿ ಹಳಿ ಹಾಕೋದು ಅಂದ್ರೆ ಜಮೀನು, ಮಣ್ಣು, ಸೇತುವೆ, ಕಬ್ಬಿಣ ಎಲ್ಲದರ ಖರ್ಚೂ ಏರ್ತದೆ. ದಿನಕ್ಕೆ ಕೆಲವೇ ಗಾಡಿ ಓಡುವ ದಾರಿಗೆ ಅಷ್ಟು ಬಂಡವಾಳ ಯಾರು ಹಾಕ್ತಾರೆ? ಹಂಗಾಗಿ ಸ್ಟೇಷನ್ನಿನಲ್ಲಿ ಮಾತ್ರ ಎರಡು ಮೂರು ಹಳಿ, ನಡುವೆ ಒಂದೇ ಹಳಿ. ಎದುರಿನ ಗಾಡಿ ಬರೋತನಕ ಈ ಗಾಡಿ ಸ್ಟೇಷನ್ನಿನಲ್ಲಿ ಕಾಯಬೇಕು. ನಮ್ಮ ಹಿರಿಯರ ಬಾಯಲ್ಲಿ 'ಕ್ರಾಸಿಂಗ್ ಐತಿ' ಅನ್ನೋ ಮಾತು ಬಂದದ್ದು ಇಲ್ಲಿಂದ.

ಸಹಿ ಆಗದ ಒಂದು ಸಂದೇಶ

ಈಗ ಇಂಗ್ಲೆಂಡಿಗೆ ಹೋಗೋಣ. 1874ರ ಸೆಪ್ಟೆಂಬರ್ 10ರ ರಾತ್ರಿ, ನಾರ್ವಿಚ್ ಹತ್ತಿರದ ಥಾರ್ಪ್. ಅಲ್ಲಿಯೂ ಒಂಟಿ ಹಳಿ. ಯಾವ ಗಾಡಿ ಮೊದಲು ಹೋಗಬೇಕು ಅನ್ನೋದನ್ನ ಟೆಲಿಗ್ರಾಫ್ ಸಂದೇಶದಿಂದ ತೀರ್ಮಾನಿಸ್ತಿದ್ದರು. ಸಂದೇಶ ಬರೆದ ಮೇಲೆ ಅಧಿಕಾರಿ ಸಹಿ ಹಾಕಬೇಕು, ಆಮೇಲೆ ಕಳಿಸಬೇಕು. ಅವತ್ತು ಸಹಿ ಆಗುವ ಮೊದಲೇ 'ಮೇಲ್ ಗಾಡಿ ಬಿಡಿ' ಅನ್ನೋ ಸಂದೇಶ ಹೋಗಿಬಿಟ್ಟಿತು. ಈ ಕಡೆ ಅಧಿಕಾರಿ ಎಕ್ಸ್‌ಪ್ರೆಸ್ ಗಾಡಿ ಬಿಟ್ಟುಬಿಟ್ಟಿದ್ದ. ಮೇಲ್ ನಿಲ್ಲಿಸಿ ಅಂತ ಕೂಡಲೇ ತಂತಿ ಕಳಿಸಿದರು. ಮೇಲ್ ಹೊರಟಾಯ್ತು ಅಂತ ಉತ್ತರ ಬಂತು. ಆಮೇಲೆ ಮಾಡೋದು ಏನೂ ಉಳಿದಿರಲಿಲ್ಲ. ಎರಡೂ ಗಾಡಿ ಮುಖಾಮುಖಿ ಡಿಕ್ಕಿ ಹೊಡೆದು 25 ಜನ ಸತ್ತರು.

ನಾನು ಕಾಮರ್ಸ್ ಓದಿದವನು, ನನಗೆ ಇದು ಸಹಿ ಇಲ್ಲದ ಚೆಕ್ ಪಾಸಾದಂಗೆ ಕಾಣ್ತದೆ. ನಿಯಮ ಇತ್ತು. ಆದ್ರೆ ನಿಯಮ ಮುರಿದಾಗ ತಡೆಯುವ ಬೀಗ ಇರಲಿಲ್ಲ.

ಆ ಬೀಗ ಮಾಡಿದವನು ಎಡ್ವರ್ಡ್ ಟೈಯರ್, 1878ರಲ್ಲಿ. ಅವನ ಯಂತ್ರದಲ್ಲಿ ಬಿಲ್ಲೆಗಳಿದ್ದವು. ಎರಡು ಸ್ಟೇಷನ್ನಿಗೆ ಒಂದೊಂದು ಯಂತ್ರ, ನಡುವೆ ವಿದ್ಯುತ್ ತಂತಿ. ಎರಡರಲ್ಲಿ ಯಾವುದರಿಂದಲಾದರೂ ಒಂದು ಬಿಲ್ಲೆ ಹೊರಗೆ ಬಂದರೆ, ಅದು ವಾಪಸ್ ಯಂತ್ರದೊಳಗೆ ಬೀಳೋತನಕ ಇನ್ನೊಂದು ಬಿಲ್ಲೆ ಎರಡೂ ಕಡೆ ಹೊರಗೆ ಬರೋದಿಲ್ಲ. ಬಿಲ್ಲೆ ಇಲ್ಲದೆ ಗಾಡಿ ಹೊರಡುವಂತಿಲ್ಲ.

ಚೆಂಡು ಹೆಂಗ ಕೆಲಸ ಮಾಡ್ತಿತ್ತು

ಭಾರತದ ಒಂಟಿ ಹಳಿಗಳಲ್ಲಿ ತುಂಬಾ ಬಳಕೆಯಾದದ್ದು ನೀಲ್ಸ್ ಬಾಲ್ ಟೋಕನ್. ಇಲ್ಲಿ ಬಿಲ್ಲೆ ಬದಲು ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಚೆಂಡು. ಅದರ ಮೇಲೆ ಎರಡು ಸ್ಟೇಷನ್ನುಗಳ ಗುರುತು ಕೆತ್ತಿರ್ತದೆ.

ಉದಾಹರಣೆಗೆ ಹಳೆಯ ಕಾಲದ ಅಣ್ಣಿಗೇರಿ ಮತ್ತು ಹುಲಕೋಟಿ ಅಂತ ಇಟ್ಕೊಳ್ಳೋಣ. ಅಣ್ಣಿಗೇರಿಯಲ್ಲಿ ಗದಗ ಕಡೆ ಹೋಗುವ ಗಾಡಿ ನಿಂತಿದೆ. ಸ್ಟೇಷನ್ ಮಾಸ್ಟರ್ ಯಂತ್ರದ ಗುಂಡಿ ಒತ್ತಿದರೆ ಹುಲಕೋಟಿಯಲ್ಲಿ ಗಂಟೆ ಹೊಡೀತದೆ. ಎಷ್ಟು ಸಲ ಹೊಡೆದರೆ ಏನು ಅರ್ಥ ಅಂತ ಲೆಕ್ಕ ಇದೆ. 'ಲೈನ್ ಕ್ಲಿಯರ್ ಕೊಡ್ತೀರಾ?' ಅಂತ ಇವರು ಕೇಳ್ತಾರೆ. ಹುಲಕೋಟಿಯವರು ನಡುವೆ ಯಾವ ಗಾಡಿಯೂ ಇಲ್ಲ, ಬರೋ ಗಾಡಿಗೆ ತಮ್ಮಲ್ಲಿ ಹಳಿ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡು ತಮ್ಮ ಯಂತ್ರದ ಹಿಡಿಕೆಯನ್ನು 'ಗಾಡಿ ಬರ್ತಿದೆ' ಕಡೆ ತಿರುಗಿಸ್ತಾರೆ. ಆಗ ಮಾತ್ರ ಅಣ್ಣಿಗೇರಿಯ ಹಿಡಿಕೆ 'ಗಾಡಿ ಹೋಗ್ತಿದೆ' ಕಡೆ ತಿರುಗಿ, ಒಂದು ಚೆಂಡು ಹೊರಗೆ ಬೀಳ್ತದೆ.

ಗಮನ ಕೊಡ್ರಿ. ಚೆಂಡು ಬೇಕಾಗಿರೋದು ಅಣ್ಣಿಗೇರಿಗೆ, ಬೀಗ ತೆಗೆಯೋದು ಹುಲಕೋಟಿ. ನೀವು ಫೋನ್‌ಪೇಗೆ ಬ್ಯಾಂಕ್ ಸೇರಿಸುವಾಗ ಓಟಿಪಿ ಬೇರೆ ಕಡೆಯಿಂದ ಬರ್ತದಲ್ಲ, ಅದೇ ತರ್ಕ. ಒಬ್ಬನೇ ಮನುಷ್ಯ ಎಷ್ಟೇ ಅವಸರದಲ್ಲಿದ್ದರೂ, ನಿದ್ದೆಗಣ್ಣಲ್ಲಿದ್ದರೂ ತಾನೊಬ್ಬನೇ ಗಾಡಿ ಬಿಡೋಕೆ ಆಗೋದಿಲ್ಲ.

ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಆ ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡ್ತಾರೆ. ಹುಲಕೋಟಿ ತಲುಪಿದಾಗ ಡ್ರೈವರ್ ಅದನ್ನು ಒಪ್ಪಿಸ್ತಾನೆ. ಆದ್ರೂ ಮಾಸ್ಟರ್ ತಕ್ಷಣ ಯಂತ್ರಕ್ಕೆ ಹಾಕುವಂತಿಲ್ಲ. ಗಾಡಿ ಪೂರ್ತಿ ಬಂದಿದೆಯಾ ನೋಡಬೇಕು. ಕೊನೆಯ ಡಬ್ಬಿಯ ಹಿಂದೆ ದೊಡ್ಡ ಗುಣಾಕಾರದ ಗುರುತು, 'ಎಲ್‌ವಿ' ಅಂತ ಬರೆದ ಸಣ್ಣ ಫಲಕ ನೀವು ನೋಡಿರ್ತೀರಿ. ಎಲ್‌ವಿ ಅಂದ್ರೆ ಕೊನೆಯ ವಾಹನ. ಅದು ಕಾಣಲಿಲ್ಲ ಅಂದ್ರೆ ಅರ್ಧ ಗಾಡಿ ನಡುದಾರಿಯಲ್ಲಿ ಕಳಚಿಕೊಂಡಿರಬಹುದು. ಅದು ಕಂಡ ಮೇಲೆಯೇ ಚೆಂಡು ಒಳಗೆ, ಲೈನ್ ಮತ್ತೆ ಮುಚ್ಚಿದ ಸ್ಥಿತಿಗೆ.

ಡಬಲ್ ಎಂಟ್ರಿ ಓದಿದವರಿಗೆ ಇದು ಥಟ್ಟಂತ ಹೊಳೀಬೇಕು. ಅಲ್ಲಿ ಕ್ರೆಡಿಟ್ ಆದದ್ದು ಇಲ್ಲಿ ಡೆಬಿಟ್ ಆಗಲೇಬೇಕು. ಒಂದೇ ದಿಕ್ಕಿಗೆ ಜಾಸ್ತಿ ಗಾಡಿ ಹೋದರೆ ಚೆಂಡುಗಳೆಲ್ಲ ಒಂದೇ ಕಡೆ ಗುಡ್ಡೆ ಆಗ್ತವೆ. ಆಗ ಸಿಗ್ನಲ್ ವಿಭಾಗದ ಸಿಬ್ಬಂದಿ ಬಂದು, ಲೆಕ್ಕ ಬರೆದು, ಚೆಂಡುಗಳನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸ್ತಾರೆ. ಪಕ್ಕದ ಸೆಕ್ಷನ್ನಿನ ಚೆಂಡು ಈ ಯಂತ್ರಕ್ಕೆ ಹೊಂದದಂತೆ ಅದರ ಆಕಾರದಲ್ಲೇ ವ್ಯತ್ಯಾಸ ಇಟ್ಟಿರ್ತಾರೆ.

ಓಡುವ ಗಾಡಿ, ಚಾಚಿದ ಕೈ

ರೀಲ್ಸ್‌ನಲ್ಲಿ ನೀವು ನೋಡಿದ್ದು ಇದೇ. ನಿಲ್ಲದ ಗಾಡಿ ಸ್ಟೇಷನ್ ದಾಟುವಾಗ ಎಂಜಿನ್ನಿನಿಂದ ಒಂದು ಬಳೆ ಕೆಳಗೆ ಬೀಳ್ತದೆ, ಅಲ್ಲೇ ಮುಂದೆ ನಿಂತವನು ಹಿಡಿದ ಇನ್ನೊಂದು ಬಳೆಗೆ ಎಂಜಿನ್ನಿನಲ್ಲಿದ್ದವನು ತೋಳು ತೂರಿಸಿ ಎಳ್ಕೋತಾನೆ. ಬಿಟ್ಟದ್ದು ದಾಟಿದ ಸೆಕ್ಷನ್ನಿನ ಟೋಕನ್, ಹಿಡಿದದ್ದು ಮುಂದಿನ ಸೆಕ್ಷನ್ನಿನದು. ಬಳೆ ಅಷ್ಟು ದೊಡ್ಡದು ಇರೋದಕ್ಕೆ ಕಾರಣ ಈ ತೋಳು. ಕತ್ತಲಲ್ಲಿ ಡ್ರೈವರ್‌ಗೆ ಜಾಗ ಕಾಣಲಿ ಅಂತ ದೀವಟಿಗೆ ಹಿಡಿದು ನಿಲ್ತಿದ್ದರು. ನೋಡೋಕೆ ಸರ್ಕಸ್ ಥರ ಕಾಣ್ತದೆ, ಮಳೆಯಲ್ಲಿ, ಚಳಿಯಲ್ಲಿ ಮಾಡೋನಿಗೆ ಭುಜ ನೋವು. ತಪ್ಪಿದರೆ ಗಾಡಿ ನಿಲ್ಲಿಸಿ ಇಳಿದು ಹುಡುಕಬೇಕು.

ಯಂತ್ರ ಸರಿ ಇದ್ದರೂ

1921ರ ಜನವರಿ 26. ವೇಲ್ಸ್‌ನ ಅಬರ್ಮ್ಯೂಲ್ ಸ್ಟೇಷನ್. ಟೈಯರ್ ಯಂತ್ರ ಸರಿಯಾಗೇ ಇತ್ತು. ಆದ್ರೆ ಸಿಬ್ಬಂದಿಯ ಗೊಂದಲದಲ್ಲಿ, ಬಂದ ಗಾಡಿ ಒಪ್ಪಿಸಿದ ಬಿಲ್ಲೆಯನ್ನೇ ತಿರುಗಿ ಅದೇ ಗಾಡಿಗೆ ಕೊಟ್ಟು ಕಳಿಸಿದರು. ಎಂಜಿನ್ನಿನಲ್ಲಿ ಇದ್ದವರು ಬಿಲ್ಲೆ ಮೇಲಿನ ಹೆಸರು ಓದಲಿಲ್ಲ. ಮುಂದಿನ ಸೆಕ್ಷನ್ನಿನ ಸರಿಯಾದ ಬಿಲ್ಲೆ ಎದುರಿನಿಂದ ಬರ್ತಿದ್ದ ಎಕ್ಸ್‌ಪ್ರೆಸ್ ಬಳಿ ಇತ್ತು. 17 ಜನ ಸತ್ತರು. ಬಿಲ್ಲೆ ಕೈಗೆ ಬಂದರೆ ಸಾಲದು, ಓದಬೇಕು. ಓಟಿಪಿ ಮೆಸೇಜಿನಲ್ಲಿ ಯಾರಿಗೆ, ಎಷ್ಟು ಅಂತ ಓದದೆ ನಂಬರ್ ಒತ್ತೋರು ಇದನ್ನ ಸ್ವಲ್ಪ ಯೋಚಿಸ್ರಿ.

ಇನ್ನೊಂದು ನಮ್ಮ ಗಾಡಿಯದೇ. 2012ರ ಮೇ 22ರ ಬೆಳಗಿನ ಜಾವ, ಹುಬ್ಬಳ್ಳಿಯಿಂದ ಗದಗ ಮೇಲೆ ಬೆಂಗಳೂರಿಗೆ ಹೊರಟ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಕೆಲಸಕ್ಕೆ ಅಂತ ಊರು ಬಿಟ್ಟು ಹೊರಟ ನಮ್ಮ ಕಡೆಯವರೂ ಇದ್ದರು. ಟೋಕನ್ ಆಗಲಿ, ಅದರ ಬದಲಿ ವ್ಯವಸ್ಥೆಯಾಗಲಿ ಕಾಯೋದು ಎರಡು ಸ್ಟೇಷನ್ ನಡುವಿನ ದಾರಿಯನ್ನು. ಸ್ಟೇಷನ್ ಹತ್ತಿರ ಬಂದ ಮೇಲೆ ಕೆಂಪು ಸಿಗ್ನಲ್ ನೋಡಿ ನಿಲ್ಲಿಸಬೇಕಾದ್ದು ಡ್ರೈವರ್. ಆ ಕಂದಕ ಮುಚ್ಚೋದಕ್ಕೇ ಈಗ 'ಕವಚ' ಬಂದಿರೋದು. ಡ್ರೈವರ್ ಕೆಂಪು ದೀಪ ದಾಟೋ ಹಂಗಿದ್ದರೆ ಅದು ತಾನೇ ಬ್ರೇಕ್ ಹಾಕ್ತದೆ. ಅದರ ಶುರುವಿನ ಪ್ರಯೋಗಗಳು ವಿಕಾರಾಬಾದ್, ವಾಡಿ, ಬೀದರ್ ಭಾಗದ ಹಳಿಗಳ ಮೇಲೆ ನಡೆದವು.

ಚೆಂಡು ಎಲ್ಲಿ ಹೋಯ್ತು?

1992ರಲ್ಲಿ ಯುನಿಗೇಜ್ ಯೋಜನೆ ಶುರುವಾಗಿ ನಮ್ಮ ಮೀಟರ್ ಗೇಜ್ ಹಂತ ಹಂತವಾಗಿ ಬ್ರಾಡ್ ಗೇಜ್ ಆಯ್ತು. ಆಮೇಲೆ ಜೋಡಿ ಹಳಿ ಬಂತು. ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು ಹಳಿ ಇದ್ದರೆ ಎದುರುಬದುರು ಪ್ರಶ್ನೆಯೇ ದೂರ ಆಗ್ತದೆ. ಒಂಟಿ ಹಳಿ ಉಳಿದ ಕಡೆಯೂ ಟೋಕನ್ ಇಲ್ಲದ ಬ್ಲಾಕ್ ಯಂತ್ರಗಳು ಬಂದವು. ಹಳಿ ಪಕ್ಕದ ಆಕ್ಸಲ್ ಕೌಂಟರ್ ಒಳಗೆ ಹೋದ ಅಚ್ಚು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸ್ತದೆ. ಎರಡೂ ತಾಳೆಯಾದರೆ ದಾರಿ ಖಾಲಿ. ಪ್ರತಿ ಸ್ಟೇಷನ್ನಿನಲ್ಲಿ ಬಳೆಗೋಸ್ಕರ ವೇಗ ಇಳಿಸೋದು ತಪ್ಪಿತು. ಶ್ರೀಲಂಕಾದ ಗುಡ್ಡಗಾಡು ದಾರಿಯಲ್ಲಿ ಮಾತ್ರ ಬಿಲ್ಲೆ ಬದಲಾಯಿಸೋದು ಪ್ರವಾಸಿಗರಿಗೆ ಇನ್ನೂ ಕಾಣ್ತದೆ.

ಇದರಲ್ಲಿ ಬೇಜಾರು ಮಾಡ್ಕೊಳ್ಳೋದು ಏನೂ ಇಲ್ಲ. ಗಾಡಿ ಬೇಗ ಬರ್ತದೆ, ಹೆಚ್ಚು ಸುರಕ್ಷಿತ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳಿಗಂತೂ ಟೋಕನ್ ಕಾಲದಲ್ಲೂ ಹಳಿ ಬರಲಿಲ್ಲ. ಲಕ್ಷ್ಮೇಶ್ವರದವರು ಇಂದಿಗೂ ರೈಲು ಹಿಡಿಯೋಕೆ ಯಲವಿಗಿಗೋ ಗದಗಿಗೋ ಹೋಗಬೇಕು. ಗದಗ–ಲಕ್ಷ್ಮೇಶ್ವರ–ಯಲವಿಗಿ ಹಳಿ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೇಳ್ತಾನೇ ಇದ್ದಾರೆ. ಅದು ಬಂದಾಗ ಚೆಂಡು, ಬಳೆ ಇರೋದಿಲ್ಲ. ಆದ್ರೆ ಆ ಕಡೆಯವರು ಒಪ್ಪದೆ ಈ ಕಡೆಯವರು ಗಾಡಿ ಬಿಡುವಂತಿಲ್ಲ ಅನ್ನೋ ನಿಯಮ ಇದ್ದೇ ಇರ್ತದೆ, ಕಂಪ್ಯೂಟರ್ ಪರದೆಯ ಹಿಂದೆ.

ನಿಮ್ಮ ಮನೇಲಿ, ಓಣೀಲಿ ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಇದ್ದರೆ, ರಾತ್ರಿ ಪಾಳಿಯಲ್ಲಿ ಟೋಕನ್ ಕೊಡೋದು ಹೆಂಗಿತ್ತು ಅಂತ ಕೇಳ್ರಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕಳಿಸ್ರಿ. ಯಂತ್ರವನ್ನು ಮ್ಯೂಸಿಯಂನಲ್ಲಿ ಇಡಬಹುದು, ಕತ್ತಲಲ್ಲಿ ಬರೋ ಎಂಜಿನ್ನಿಗೆ ಕೈ ಚಾಚಿ ನಿಂತವರ ಅನುಭವ ಅವರ ಬಾಯಲ್ಲೇ ಉಳಿದಿರೋದು. ಸಿಗೋಣ ಮುಂದಿನ ವಾರ.