ಟ್ಯಾಂಕಿನಲ್ಲಿ ಎಥನಾಲ್ ಎಷ್ಟು? ಅಳೆದು ನೋಡಿದೆ

ಪುಣೆಯಿಂದ ಬೆಳಗಾವಿ ಕಡೆ ಹೋಗುವ ನಮ್ಮವರಿಗೆಲ್ಲ ಖಂಬಾಟಕಿ ಘಾಟ್ ಗೊತ್ತು. ಅಲ್ಲಿಂದ ಬರುವಾಗ ಸುರಂಗ, ಇಲ್ಲಿಂದ ಹೋಗುವಾಗ ಏರು. 2024ರ ದೀಪಾವಳಿಗೆ ಊರಿಗೆ ಹೊರಟಿದ್ದೆವು. ಮುಂದೆ ಕಬ್ಬಿಣದ ಸರಳು ಹೊತ್ತ ಲಾರಿ, ಹಿಂದೆ ಒಂದು ಖಾಸಗಿ ಬಸ್ಸು. ಲಾರಿಯನ್ನು ದಾಟಲು ಕಾಲು ಪೂರ್ತಿ ಒತ್ತಿದೆ. ಗಾಡಿ ಎರಡು ಸಲ ಎಳೆದಂತೆ ಮಾಡಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಎಂಜಿನ್ನಿನ ಶಕ್ತಿ ಅಷ್ಟಕ್ಕೇ ಸತ್ತುಹೋಯಿತು. ಲಾರಿಯ ಪಕ್ಕದಲ್ಲಿ, ಏರಿನಲ್ಲಿ, ಹಿಂದಿನ ಬಸ್ಸಿನ ಹಾರನ್ನು. ಹೆಂಡತಿ “ರೀ, ಏನಾತ್ರಿ?” ಅಂದಳು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ.

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೇಳುತ್ತೇನೆ.

ನನ್ನದು 1.2 ಲೀಟರಿನ ಪುಟ್ಟ ಟರ್ಬೊ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಪುಣೆಗೆ ಬಂದು ವಾಹನ ಉದ್ಯಮದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸುತ್ತಲಿನವರ ಹುಚ್ಚು ನನಗೂ ಹತ್ತಿತು. ಈ ಊರೇ ಹಾಗೆ. ಚಾಕಣದಲ್ಲಿ ಕಾರು ತಯಾರಾಗುತ್ತದೆ, ಕೋಥ್ರೂಡಿನ ಗುಡ್ಡದ ಮೇಲೆ ಎಆರ್‌ಎಐ ಅವನ್ನು ಪರೀಕ್ಷಿಸುತ್ತದೆ, ಭಾನುವಾರ ಬೆಳಿಗ್ಗೆ ಲೋಣಾವಳದ ದಾರಿಯಲ್ಲಿ ಅವೇ ಕಾರುಗಳು ಮೂಲಕ್ಕಿಂತ ಮೂವತ್ತು-ನಲವತ್ತು ಕುದುರೆಶಕ್ತಿ ಹೆಚ್ಚಿಸಿಕೊಂಡು ಓಡುತ್ತವೆ. ಎಂಜಿನ್ನಿನ ಕಂಪ್ಯೂಟರಿನೊಳಗಿನ ಲೆಕ್ಕಗಳನ್ನು ಬದಲಿಸಿ, ಟರ್ಬೊ ಒತ್ತಡ ಏರಿಸಿ, ಕಿಡಿ ಹಾರುವ ಸಮಯವನ್ನು ತುಸು ಮುಂದಕ್ಕೆ ತರುವುದಕ್ಕೆ ರೀಮ್ಯಾಪ್ ಅನ್ನುತ್ತಾರೆ. ವಾರಂಟಿ ಹೋಗುತ್ತದೆ. ನನ್ನದರ ವಾರಂಟಿ ಹೇಗೂ ಮುಗಿದಿತ್ತು.

ಹೀಗೆ ಬಿಗಿ ಮಾಡಿದ ಎಂಜಿನ್ನಿಗೆ ಎಥನಾಲ್ ಅಮೃತವಿದ್ದಂತೆ. ಅದರ ಆಕ್ಟೇನ್ 108ರ ಆಸುಪಾಸು. ಆವಿಯಾಗುವಾಗ ಪೆಟ್ರೋಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಹೀರಿ ಸಿಲಿಂಡರನ್ನು ತಂಪಾಗಿಡುತ್ತದೆ. ಹಾಗಾಗಿ ಕಿಡಿಯಿಂದ ಹಬ್ಬುವ ಜ್ವಾಲೆ ಮುಟ್ಟುವ ಮೊದಲೇ ಉಳಿದ ಇಂಧನ ತಾನಾಗಿ ಹೊತ್ತಿಕೊಂಡು ಟಕಟಕ ಅನ್ನುವ ನಾಕಿಂಗ್ ತಪ್ಪುತ್ತದೆ, ಒತ್ತಡ ಇನ್ನಷ್ಟು ಏರಿಸಬಹುದು. ಇದಕ್ಕೆ ಪುಣೆಯವರಿಗೆ ಸಾಮಗ್ರಿಯೂ ಕೈಗೆಟುಕುವಂತಿದೆ. 2021ರ ಜೂನ್ 5ರಂದು ಪ್ರಧಾನಿಯವರು ಇ100 ಮಾರಾಟದ ಪ್ರಾಯೋಗಿಕ ಯೋಜನೆಯನ್ನು ಶುರು ಮಾಡಿದ್ದು ಇದೇ ಊರಿನ ಮೂರು ಬಂಕುಗಳಲ್ಲಿ. 2024ರ ಮಾರ್ಚ್‌ನಲ್ಲಿ ಅದು ಕರ್ನಾಟಕ, ಮಹಾರಾಷ್ಟ್ರ ಸೇರಿ ಐದು ರಾಜ್ಯಗಳ 183 ಬಂಕುಗಳಿಗೆ ಹಬ್ಬಿತು. ಹೆಸರು ಇ100 ಆದರೂ ಅದರಲ್ಲಿ ಎಥನಾಲ್ ಶೇ 93ರಷ್ಟು. ಉಳಿದದ್ದು ಪೆಟ್ರೋಲ್ ಮತ್ತು ಎರಡನ್ನೂ ಹಿಡಿದಿಡುವ ಇನ್ನೊಂದು ದ್ರಾವಕ. ಅದು ಫ್ಲೆಕ್ಸ್ ಫ್ಯುಯೆಲ್ ವಾಹನಗಳಿಗೆಂದೇ ಇರುವ ಇಂಧನ, ನನ್ನಂಥವರು ಮಾಮೂಲಿ ಪೆಟ್ರೋಲಿಗೆ ಬೆರೆಸಿಕೊಳ್ಳಲಿ ಎಂದು ಯಾರೂ ಹೇಳಿಲ್ಲ. ನಾವು ನಮ್ಮ ಜವಾಬ್ದಾರಿಯ ಮೇಲೆ ಬೆರೆಸುತ್ತೇವೆ.

ನನ್ನ ಲೆಕ್ಕ ಹೀಗಿತ್ತು. 20 ಲೀಟರ್ ಬಂಕ್ ಪೆಟ್ರೋಲ್, ಅದಕ್ಕೆ 5 ಲೀಟರ್ ಇ100. ಪೆಟ್ರೋಲಿನಲ್ಲಿ ಶೇ 10 ಎಥನಾಲ್ ಇದೆ ಎಂದಿಟ್ಟುಕೊಂಡರೆ ಅಲ್ಲಿಂದ 2 ಲೀಟರ್, ಇಲ್ಲಿಂದ 4.65 ಲೀಟರ್. ಒಟ್ಟು 25 ಲೀಟರಿಗೆ 6.65, ಅಂದರೆ ಶೇ 26-27. ರೀಮ್ಯಾಪ್ ಮಾಡಿದಾತ ಅಷ್ಟಕ್ಕೇ ಹೊಂದಿಸಿಕೊಟ್ಟಿದ್ದ, “ಇದಕ್ಕಿಂತ ಮೇಲೆ ಹೋದರೆ ಈ ಕಾರಿನ ಹೈ ಪ್ರೆಷರ್ ಪಂಪಿಗೆ ಆಗೋದಿಲ್ಲ” ಎಂದೂ ಹೇಳಿದ್ದ.

ಆತ ಹಾಗಂದದ್ದಕ್ಕೆ ಕಾರಣವಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಅದರೊಳಗೇ ಆಮ್ಲಜನಕ ಇದೆಯಲ್ಲ! ಎಂದರೆ ಎಂಜಿನ್ ಎಳೆದುಕೊಂಡಷ್ಟೇ ಗಾಳಿಗೆ ಎಥನಾಲ್ ಹೆಚ್ಚಿದಷ್ಟೂ ಹೆಚ್ಚು ಇಂಧನ ಸುರಿಯಬೇಕು. ಸಾಧಾರಣ ಓಟದಲ್ಲಿ ಸೈಲೆನ್ಸರ್ ಕೊಳವೆಯ ಆಮ್ಲಜನಕ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಸದ್ದಿಲ್ಲದೆ ಸರಿ ಮಾಡುತ್ತಲೇ ಇರುತ್ತದೆ, ಚಾಲಕನಿಗೆ ತಿಳಿಯುವುದೇ ಇಲ್ಲ. ಪಂಪಿನ ಶಕ್ತಿ ಮುಗಿಯುವವರೆಗೆ.

ಊರಿಗೆ ನಿಧಾನಕ್ಕೆ ಹೋಗಿ ಮುಟ್ಟಿದೆವು. ಬೆಳಗಾವಿಯಲ್ಲಿ ಪರಿಚಯದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದಾಗ ಬಂದದ್ದು ಒಂದೇ ದೂರು: ಇಂಧನ ರೇಲಿನಲ್ಲಿ ಒತ್ತಡ ಕಡಿಮೆ. ಎಂಜಿನ್ ಕೇಳಿದಷ್ಟು ಪಂಪ್ ಕೊಡಲಿಲ್ಲ, ಕಂಪ್ಯೂಟರ್ ತನ್ನನ್ನು ತಾನೇ ಕಾಪಾಡಿಕೊಂಡಿತು. ಪಿಸ್ಟನ್ ಉಳಿದದ್ದು ನನ್ನ ಪುಣ್ಯ. ಪಂಪ್ ಕೆಟ್ಟಿರಲಿಲ್ಲ, ಫಿಲ್ಟರ್ ಕಟ್ಟಿರಲಿಲ್ಲ. ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು?

ಪುಣೆಗೆ ಮರಳಿದ ಮೇಲೆ, ಯಾವಾಗಲೂ ತುಂಬಿಸುವ ಬಂಕಿಗೇ ಹೋಗಿ ಕೇಳಿದೆ: “ಇದರಲ್ಲಿ ಎಥನಾಲ್ ಎಷ್ಟು?” ಹುಡುಗ ಮ್ಯಾನೇಜರ್ ಕಡೆ ಕೈ ತೋರಿಸಿದ. ಮ್ಯಾನೇಜರ್ ಬಹಳ ಸೌಜನ್ಯದಿಂದ ಡೆನ್ಸಿಟಿ ಪುಸ್ತಕ ತೆಗೆದು ಮುಂದಿಟ್ಟರು, ಫಿಲ್ಟರ್ ಪೇಪರ್ ಬೇಕಾ ಅಂದರು, ಐದು ಲೀಟರಿನ ಅಳತೆ ಪಾತ್ರೆ ತರಿಸಲಾ ಅಂದರು. ಇವೆಲ್ಲ ಗ್ರಾಹಕ ಕೇಳಿದರೆ ಬಂಕಿನವರು ಕೊಡಲೇಬೇಕಾದ ಸೌಲಭ್ಯಗಳು. ಆದರೆ ಇವುಗಳಲ್ಲಿ ಒಂದೂ ನನ್ನ ಪ್ರಶ್ನೆಗೆ ಉತ್ತರವಲ್ಲ. ಪೆಟ್ರೋಲಿನ ಸಾಂದ್ರತೆ 720ರಿಂದ 775ರೊಳಗೆ ಇರಬೇಕು, ಎಥನಾಲಿನದು 789. ಶೇ 10ರ ಬದಲು 20 ಬೆರೆತರೂ ಸಾಂದ್ರತೆ ಆ ಮಿತಿಯೊಳಗೇ ಇರುತ್ತದೆ. ಫಿಲ್ಟರ್ ಪೇಪರ್ ಮೇಲೆ ಎಥನಾಲ್ ಕಲೆ ಉಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆ ಬೆರೆಸುವವರನ್ನು ಹಿಡಿಯಲು ಕಟ್ಟಿದ ವ್ಯವಸ್ಥೆ ಅದು.

ಉಪಾಯ ಹೇಳಿಕೊಟ್ಟವಳು ಧಾರವಾಡದ ಗೆಳತಿ, ಇಲ್ಲೇ ಒಂದು ಪ್ರಯೋಗಾಲಯದಲ್ಲಿ ರಸಾಯನ ಶಾಸ್ತ್ರಜ್ಞೆ. “ಅಷ್ಟಕ್ಕ ಯಾಕೋ ತಲಿ ಕೆಡಿಸ್ಕೋತಿ? ನೀರು ಹಾಕಿ ಕುಲುಕು” ಅಂದಳು. ಎಥನಾಲಿಗೆ ಪೆಟ್ರೋಲಿಗಿಂತ ನೀರೆಂದರೆ ಪ್ರೀತಿ. ಗೆರೆ ಕೊರೆದ 100 ಮಿಲಿಲೀಟರಿನ ಗಾಜಿನ ಸಿಲಿಂಡರಿಗೆ 50ರ ಗೆರೆಯವರೆಗೆ ನೀರು, ಅದರ ಮೇಲೆ 100ರವರೆಗೆ ಪೆಟ್ರೋಲು. ಮುಚ್ಚಳ ಬಿಗಿದು ಕುಲುಕಬೇಕು, ನಡುನಡುವೆ ಮುಚ್ಚಳ ಸಡಿಲಿಸಿ ಆವಿ ಬಿಡಬೇಕು, ಹತ್ತು ನಿಮಿಷ ನಿಲ್ಲಿಸಬೇಕು. ಪೆಟ್ರೋಲಿನಲ್ಲಿದ್ದ ಎಥನಾಲ್ ಕೆಳಗಿಳಿದು ನೀರನ್ನು ಸೇರುತ್ತದೆ, ನೀರಿನ ಮಟ್ಟ ಏರುತ್ತದೆ. 50ರಿಂದ ಎಷ್ಟು ಏರಿತೋ ಅದರ ಎರಡರಷ್ಟು ಶೇಕಡಾವಾರು ಎಥನಾಲ್. ನೀರಿಗೆ ಒಂದು ಹನಿ ಅಡುಗೆ ಬಣ್ಣ ಹಾಕಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ ಸಣ್ಣ ವಿಮಾನಗಳಿಗೆ ಕಾರಿನ ಪೆಟ್ರೋಲ್ ಹಾಕುವ ಪೈಲಟ್‌ಗಳು ಎಥನಾಲ್ ಇಲ್ಲವೆಂದು ಖಚಿತ ಮಾಡಿಕೊಳ್ಳುವುದೂ ಇದೇ ನೀರಿನ ಪರೀಕ್ಷೆಯಿಂದ.

ಟೆರೇಸಿನ ಮೇಲೆ, ದೇವರ ದೀಪವೂ ಹತ್ತಿರವಿಲ್ಲದ ಜಾಗದಲ್ಲಿ, ಮೊದಲ ಸಲ ಮಾಡಿ ನೋಡಿದೆ. ಗೆರೆ 59ರ ಮೇಲೆ ಒಂದು ಕೂದಲೆಳೆ ದೂರದಲ್ಲಿ ನಿಂತಿತು. ಎಂದರೆ ಶೇ 18ಕ್ಕಿಂತ ಹೆಚ್ಚು.

ಪೂರ್ತಿ 20 ಯಾಕೆ ಬರಲಿಲ್ಲ ಎಂಬುದೂ ಗೆಳತಿಯಿಂದಲೇ ತಿಳಿಯಿತು. ಎಥನಾಲ್ ಮತ್ತು ನೀರು ಬೆರೆತಾಗ ಎರಡರ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ, ಮೇಲಾಗಿ ಅಷ್ಟಿಷ್ಟು ಎಥನಾಲ್ ಪೆಟ್ರೋಲಿನಲ್ಲೇ ಉಳಿಯುತ್ತದೆ. ಸಿಲಿಂಡರ್ ಯಾವಾಗಲೂ ಒಂದೆರಡು ಅಂಶ ಕಡಿಮೆಯನ್ನೇ ಹೇಳುತ್ತದೆ. ಎಷ್ಟು ಕಡಿಮೆ ಎಂದು ತಿಳಿಯಲು ಎಥನಾಲ್ ಇಲ್ಲದ ಪೆಟ್ರೋಲು ಬೇಕಲ್ಲ, ಅದನ್ನು ಎಲ್ಲಿಂದ ತರೋದು? ಅವಳು ಬಂಕ್ ಪೆಟ್ರೋಲನ್ನೇ ಮೂರು ನಾಲ್ಕು ಸಲ ನೀರಿನಲ್ಲಿ ತೊಳೆದಳು, ಅಕ್ಕಿ ತೊಳೆದ ಹಾಗೆ. ಆಮೇಲೆ ತನ್ನ ಪ್ರಯೋಗಾಲಯದಲ್ಲೇ ಅದಕ್ಕೆ ಅಳೆದು ಶೇ 10, 20, 30 ಎಥನಾಲ್ ಬೆರೆಸಿ ಮತ್ತೆ ಪರೀಕ್ಷೆ ಮಾಡಿ ಒಂದು ಚೀಟಿ ಬರೆದುಕೊಟ್ಟಳು. ಆ ಚೀಟಿಯ ಪ್ರಕಾರ ನನ್ನ ಬಂಕಿನದು ಇ20.

ಈಗ ಲೆಕ್ಕ ಮತ್ತೆ ಹಾಕಿ. 20 ಲೀಟರಿನಲ್ಲಿ ಎಥನಾಲ್ 2 ಅಲ್ಲ, 4 ಲೀಟರ್. ಅದಕ್ಕೆ 4.65 ಸೇರಿದರೆ 8.65. ನನ್ನ ಟ್ಯಾಂಕಿನಲ್ಲಿ ಶೇ 27 ಅಲ್ಲ, ಹೆಚ್ಚುಕಡಿಮೆ ಶೇ 35 ಇತ್ತು. ಪಂಪ್ ಮೊದಲೇ ತನ್ನ ಮಿತಿಯ ಅಂಚಿನಲ್ಲಿತ್ತು. ಅದರ ಮೇಲೆ ಇನ್ನೂ ನಾಲ್ಕು ಶೇಕಡಾ ಇಂಧನ ಕೇಳಿದ್ದೆ, ಅದೂ ಘಾಟಿನಲ್ಲಿ.

ನಾನು ಬೆರೆಸುವ ರೂಢಿ ಶುರು ಮಾಡಿದಾಗ ಬಂಕಿನಲ್ಲಿ ಇ10 ಇತ್ತು, ನಡುವೆ ಯಾವಾಗಲೋ ಬದಲಾಗಿತ್ತು. ಇ20 ಮಾರಾಟ ಶುರುವಾದದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಅಲ್ಲಿಂದ ಬಂಕಿನಿಂದ ಬಂಕಿಗೆ ಹಬ್ಬುತ್ತ ಬಂತು. 2023-24ರ ಎಥನಾಲ್ ವರ್ಷದಲ್ಲಿ ದೇಶದ ಸರಾಸರಿ ಶೇ 14.6. ಸರಾಸರಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ? ಒಂದು ಬಂಕಿನಲ್ಲಿ 10, ಇನ್ನೊಂದರಲ್ಲಿ 20 ಇದ್ದರೂ ಸರಾಸರಿ ಅಷ್ಟೇ ಬರುತ್ತದೆ. ಹಾಗೆ ನೋಡಿದರೆ 2025ರಲ್ಲಿ ಎಲ್ಲೆಡೆ ಶೇ 20 ಆದ ಮೇಲೆ ನನ್ನ ಲೆಕ್ಕ ಸುಲಭವೇ ಆಯಿತು. ಬೇರೆ ಇಂಧನದ ಆಯ್ಕೆ ಬೇಕೆಂದು ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಮೈಲೇಜ್ ಕುಸಿತದ ಬಗ್ಗೆ ಜನ ಕೂಗಾಡಿದ್ದು ಪೂರ್ತಿ ಸುಳ್ಳಲ್ಲ. ನೀತಿ ಆಯೋಗದ 2021ರ ವರದಿಯೇ ಹಳೆಯ ಮಾದರಿಯ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6-7ರಷ್ಟು ಇಳಿಯಬಹುದು ಎಂದಿದೆ. ಎಂಜಿನ್ನೇ ಕರಗಿಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಕಥೆಗಳನ್ನು ಮಾತ್ರ ನಾನು ನಂಬುವುದಿಲ್ಲ. ಬ್ರೆಜಿಲಿನವರು ವರ್ಷಗಟ್ಟಲೆ ಶೇ 27ರಲ್ಲಿ ಓಡಿಸಿ ಈಗ 30ಕ್ಕೆ ಹೋಗಿದ್ದಾರೆ. ನನ್ನ ತಕರಾರು ಎಥನಾಲಿನ ಮೇಲಲ್ಲ. ಬಂಕಿನಲ್ಲಿ ದರದ ಫಲಕದ ಪಕ್ಕ ಅದರ ಪ್ರಮಾಣವನ್ನೂ ದೊಡ್ಡದಾಗಿ ಬರೆಯಲು ಏನು ಕಷ್ಟ?

ಸಿಲಿಂಡರ್ ಸಾಕಾಗದೆ ಆಮೇಲೆ ಸೆನ್ಸರನ್ನೂ ಹಾಕಿಸಿದೆ. ಇಂಧನ ಕೊಳವೆಯ ನಡುವೆ ಕೂರುವ, ಮುಷ್ಟಿಗಾತ್ರದ ಸಾಧನ. ಪೆಟ್ರೋಲ್ ಮತ್ತು ಎಥನಾಲಿನ ವಿದ್ಯುತ್ ಗುಣಗಳಲ್ಲಿ ಹತ್ತು ಪಟ್ಟಿಗೂ ಹೆಚ್ಚು ಅಂತರವಿದೆ. ಅದನ್ನು ಅಳೆದು ಎಥನಾಲ್ ಇಲ್ಲದಿದ್ದರೆ 50 ಹರ್ಟ್ಜ್, ಪೂರ್ತಿ ಎಥನಾಲಾದರೆ 150 ಹರ್ಟ್ಜ್ ಸಂಕೇತ ಕೊಡುತ್ತದೆ. 70 ಬಂದರೆ ಶೇ 20. ಮೊಬೈಲಿನಲ್ಲೇ ಕಾಣುತ್ತದೆ. ಆದರೆ ನೀರಿನ ಗುಣ ಎಥನಾಲಿಗಿಂತಲೂ ಜೋರು, ಇಂಧನದಲ್ಲಿ ನೀರು ಸೇರಿದ್ದರೆ ಸೆನ್ಸರ್ ಅದನ್ನೂ ಎಥನಾಲ್ ಎಂದೇ ಎಣಿಸುತ್ತದೆ. ಪುಣೆಯ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕೇ ಸೆನ್ಸರ್ ಬಂದರೂ ಗಾಜಿನ ಸಿಲಿಂಡರನ್ನು ಬಿಟ್ಟಿಲ್ಲ. ಎರಡರ ಲೆಕ್ಕವೂ ಹತ್ತಿರ ಹತ್ತಿರ ಬಂದರೆ ಮಾತ್ರ ಇ100 ಕ್ಯಾನಿಗೆ ಕೈ ಹಾಕುತ್ತೇನೆ. ಮಾಡಿ ನೋಡುವವರಿಗೆ ಎರಡು ಮಾತು: ಮಾದರಿಯನ್ನು ಲೋಹದ ಕ್ಯಾನಿನಲ್ಲೇ ತನ್ನಿ, ಪ್ಲಾಸ್ಟಿಕ್ ಬಾಟಲಿ ಬೇಡ. ಪೈಪಿನಲ್ಲಿ ಹಿಂದಿನ ಗಿರಾಕಿಯ ಇಂಧನ ಉಳಿದಿರುತ್ತದೆ, ಅದಕ್ಕೇ ಮೊದಲು ಕಾರಿಗೆ ತುಂಬಿಸಿ ಆಮೇಲೆ ಮಾದರಿ ಹಿಡಿಯಿರಿ. ನೀರು ಕುಲುಕಿದ ಪೆಟ್ರೋಲನ್ನು ಉಳಿತಾಯವೆಂದು ಟ್ಯಾಂಕಿಗೆ ಸುರಿಯಬೇಡಿ. ಎರಡೆಂದು ಮೂರು ಹೇಳಿದೆ.

ಈ ಸಂಗತಿ ನನಗೆ ಇನ್ನೊಂದು ಕಡೆಯಿಂದಲೂ ಚುಚ್ಚುತ್ತದೆ. ನಮ್ಮದು ಅಥಣಿ ಕಡೆಯ ಕಬ್ಬಿನ ಮನೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕುಳಿತು ಟನ್ನಿಗೆ 3,500 ಕೇಳಿ 3,300ಕ್ಕೆ ಎದ್ದಾಗ ಅಪ್ಪನೂ ಎರಡು ದಿನ ಅಲ್ಲಿ ಕುಳಿತು ಬಂದಿದ್ದ. ಕರ್ನಾಟಕದ ಕಾರ್ಖಾನೆಗಳ ಎಥನಾಲಿಗೆ ಸಾಕಷ್ಟು ಪಾಲು ಸಿಗುತ್ತಿಲ್ಲ ಎಂಬುದು ಆಗ ರಾಜ್ಯ ಸರ್ಕಾರದ ದೂರಾಗಿತ್ತು. ಊರಲ್ಲಿ ಎಥನಾಲ್ ಜಾಸ್ತಿ ಹೋಗಲಿ ಎನ್ನುವ ಅಪ್ಪ, ಇಲ್ಲಿ ಜಾಸ್ತಿಯಾಯಿತೆಂದು ಅಳೆಯುತ್ತ ಕೂರುವ ಮಗ.

ಸಂಕ್ರಾಂತಿಗೆ ಹೋದಾಗ ಸಿಲಿಂಡರನ್ನೂ ಒಯ್ದಿದ್ದೆ. ದಾರಿಯಲ್ಲಿ ತುಂಬಿಸಿದ ಪೆಟ್ರೋಲನ್ನು ಹಿತ್ತಲಿನ ಕಲ್ಲಿನ ಮೇಲೆ ಪರೀಕ್ಷೆಗಿಟ್ಟೆ. ಅಪ್ಪ ಬೀಡಿ ಹಚ್ಚಿಕೊಂಡು ಹತ್ತಿರ ಬಂದ. “ಅಪ್ಪಾ, ಅದನ್ನ ಆರಿಸಿ ಬಾ” ಎಂದು ಕೂಗಿದೆ. ಬೀಡಿ ತುಳಿದು, ಕನ್ನಡಕ ಏರಿಸಿ, ಬಣ್ಣದ ನೀರು ಮೇಲೇರಿ ನಿಂತದ್ದನ್ನು ಬಗ್ಗಿ ನೋಡಿದ.

“ಈ ಮ್ಯಾಲಿಂದು ಅಷ್ಟೂ ನಮ್ಮ ಕಬ್ಬೇನಪಾ?”

ಈಗ ಎಥನಾಲಿನ ದೊಡ್ಡ ಪಾಲು ಮೆಕ್ಕೆಜೋಳ, ಅಕ್ಕಿಯದು, ಕಬ್ಬಿನದು ಅದಕ್ಕಿಂತ ಕಡಿಮೆ ಎಂದು ಹೇಳಿದೆ. ಒಂದು ಟನ್ ಕಬ್ಬಿನ ರಸವನ್ನು ನೇರವಾಗಿ ಎಥನಾಲ್ ಮಾಡಿದರೆ 70 ಲೀಟರ್ ಬರುತ್ತದೆ, ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದಾದರೆ ಹನ್ನೊಂದೇ ಲೀಟರ್ ಎಂದೂ ಹೇಳಿದೆ. ಅಪ್ಪ ಗೆರೆಯನ್ನೇ ಇನ್ನೊಮ್ಮೆ ನೋಡಿದ.

“ಹಂಗಾದ್ರ ಮುಂದಿನ ಸಲ ಆ ಮೂಲಿ ಹೊಲಕ್ಕ ಗೊಂಜಾಳ ಹಾಕಿ ನೋಡ್ತೀನಿ” ಅಂದು ದನ ಕಟ್ಟಲು ಎದ್ದು ಹೋದ.