ಲಕ್ಷ್ಮಣ ಫಲದ ಎಲೆ ಮಾರೋ ಮುಂಚೆ ಇದನ್ನ ಓದಿ

‘ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ’ ಅನ್ನೋ ಮೆಸೇಜು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಮೇಲೆ ಲಕ್ಷ್ಮಣ ಫಲದ ಫೋಟೊ, ಕೆಳಗೆ ಸಸಿ ಮಾರುವವರ ನಂಬರು. ಅರ್ಧ ಎಕರೆ ಹಾಕೋಣ, ಹಣ್ಣಿನ ಜೊತೆ ಒಣ ಎಲೆಗೂ ರೇಟು ಸಿಗುತ್ತೆ ಅಂತ ಲೆಕ್ಕ ಹಾಕ್ತಿದ್ದೀರಾ? ಸ್ವಲ್ಪ ತಡೀರಿ.

ಆ ಮೆಸೇಜು ಪೂರ್ತಿ ಸುಳ್ಳಲ್ಲ, ತೊಂದರೆ ಇರೋದೇ ಅಲ್ಲಿ. ಲಕ್ಷ್ಮಣ ಫಲ ನಮ್ಮ ಸೀತಾಫಲದ ಕುಟುಂಬದ ಗಿಡ. ಇವುಗಳ ಎಲೆ, ಬೀಜದಲ್ಲಿ ಅಸಿಟೋಜೆನಿನ್ ಎಂಬ ರಾಸಾಯನಿಕಗಳಿವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಕೆಲಸವನ್ನೇ ಇವು ನಿಲ್ಲಿಸುತ್ತವೆ. ಸೀತಾಫಲದ ಬೀಜ ಅರೆದು ಹಚ್ಚಿದರೆ ಹೇನು ಸಾಯೋದೂ ಇದರಿಂದಲೇ. ಕ್ಯಾನ್ಸರ್ ಕೋಶಕ್ಕೆ ಶಕ್ತಿ ಜಾಸ್ತಿ ಬೇಕು, ಆದ್ದರಿಂದ ಅದು ಮೊದಲು ಸಾಯಬಹುದು ಅನ್ನೋದು ಸಂಶೋಧಕರ ವಾದ.

ಪರೀಕ್ಷೆ ಹೀಗೆ ನಡೆಯುತ್ತೆ. 1970ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ರೋಗಿಯಿಂದ ತೆಗೆದ ಸ್ತನ ಕ್ಯಾನ್ಸರ್ ಕೋಶಗಳ ಸಂತತಿಯನ್ನು ಎಂಸಿಎಫ್-7 ಅಂತಾರೆ. ಇವತ್ತಿಗೂ ಲ್ಯಾಬ್‌ಗಳಲ್ಲಿ ಬೆಳೆಸ್ತಾರೆ. ಒಂದು ತಟ್ಟೆಯಲ್ಲಿ ಅದು, ಇನ್ನೊಂದರಲ್ಲಿ ಕ್ಯಾನ್ಸರ್ ಇಲ್ಲದ ಸ್ತನ ಕೋಶ. ಎರಡಕ್ಕೂ ಎಲೆಯ ಸಾರ ಹಾಕಿ ನೋಡ್ತಾರೆ. ಮೊದಲನೆಯದು ಸತ್ತು ಎರಡನೆಯದು ಉಳಿದರೆ ‘ಆಯ್ದು ಕೊಲ್ಲುತ್ತೆ’ ಅಂತ ವರದಿ. ಬೆಳೆ ಬಿಟ್ಟು ಕಳೆ ಮಾತ್ರ ಸಾಯಿಸೋ ಕಳೆನಾಶಕದ ಹಾಗೆ. ಡೋಸ್ ಜಾಸ್ತಿಯಾದ್ರೆ ಬೆಳೆಯೂ ಸುಡುತ್ತೆ ಅನ್ನೋದು ನಿಮಗೆ ಗೊತ್ತಿರೋದೇ.

ತಟ್ಟೆಯಲ್ಲಿ ಸಾರ ನೇರ ಕೋಶದ ಮೇಲೆ ಬೀಳುತ್ತೆ. ಕಷಾಯ ಕುಡಿದಾಗ ಹೊಟ್ಟೆ, ಲಿವರ್, ರಕ್ತ ಎಲ್ಲ ದಾಟಬೇಕು. ಗಡ್ಡೆಗೆ ಎಷ್ಟು ಮುಟ್ಟುತ್ತೆ? ನರಕ್ಕೆ ಎಷ್ಟು? ಇದರಲ್ಲಿರುವ ಅನೋನಾಸಿನ್ ನರಕೋಶಕ್ಕೆ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಚಹಾ ಹೆಚ್ಚು ಬಳಸುವವರಿಗೂ ಪಾರ್ಕಿನ್ಸನ್ ತರಹದ ಕಾಯಿಲೆಗೂ ನಂಟಿದೆ ಎಂದು 1999ರಲ್ಲೇ ವೈದ್ಯರು ಎಚ್ಚರಿಸಿದ್ದರು.

ಗಿಡದಿಂದ ಔಷಧಿ ಬಂದೇ ಇಲ್ಲ ಅಂತಲ್ಲ. ಪೆಸಿಫಿಕ್ ಯೂ ಮರದ ತೊಗಟೆಯನ್ನು ಪರೀಕ್ಷೆಗೆ ತೆಗೆದದ್ದು 1962ರಲ್ಲಿ. ಅದರಿಂದ ಬಂದ ಟ್ಯಾಕ್ಸಾಲ್‌ಗೆ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಷ್ಟು ಶುದ್ಧ ಮಾಡಿ, ಅಳೆದು ಕೊಟ್ಟರೂ ರೋಗಿಯ ಕೂದಲು ಉದುರುತ್ತೆ. ಅದೂ ಪೂರ್ತಿ ‘ಆಯ್ದು’ ಕೊಲ್ಲಲ್ಲ!

ಈಗ ವ್ಯವಹಾರಕ್ಕೆ ಬರೋಣ. ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ಜಾಹೀರಾತು ಕೊಡೋದಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ನಿಷೇಧ ಇದೆ. ಎಲೆ ಪ್ಯಾಕೆಟ್ ಮೇಲೆ ಹಾಗೆ ಬರೆದರೆ ಸಿಕ್ಕಿಹಾಕಿಕೊಳ್ಳೋದು ನೀವು, ಸಸಿ ಮಾರಿದವನಲ್ಲ. ಹಣ್ಣನ್ನು ಹಣ್ಣಾಗಿಯೇ ಮಾರಿ. ಜ್ಯೂಸ್, ಐಸ್‌ಕ್ರೀಂನವರು ಕೊಳ್ಳುವ ರೇಟಿಗೆ ಗಿಟ್ಟುತ್ತಾ ನೋಡಿ, ಗಿಟ್ಟಿದರೆ ಮಾತ್ರ ಹಾಕಿ. ಕಿತ್ತ ಕೆಲವೇ ದಿನಕ್ಕೆ ಮೆತ್ತಗಾಗುತ್ತೆ, ದೂರದ ಮಾರ್ಕೆಟ್ಟಿಗೆ ಕಷ್ಟ.

‘ಅಮ್ಮನಿಗೆ ಎದೆಯಲ್ಲಿ ಗಂಟು, ಎಲೆ ಕೊಡಿ’ ಅಂತ ಯಾರಾದರೂ ತೋಟಕ್ಕೆ ಬಂದರೆ ಎಲೆ ಕೊಟ್ಟು ಕಳಿಸಬೇಡಿ. ಅದೇ ವಾರ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಕರ್ಕೊಂಡು ಹೋಗೋಕೆ ಹೇಳಿ. ಆಗಲೇ ಕುಡಿಸ್ತಿದ್ದರೆ, ಅದನ್ನೂ ಡಾಕ್ಟರ್ ಹತ್ರ ಮುಚ್ಚಿಡದೆ ಹೇಳಲಿ.